ಸವಣೂರಿನ ಸ್ವಚ್ಛ ಗಾಜು

ನನ್ನ ಸಂಶೋಧನೆಗೆ ಬಿದ್ದ ಖರ್ಚನ್ನು ಮೊದಲೇ ಹೇಳಿಬಿಡುತ್ತೇನೆ: ಎಂಟು ಗಾಜಿನ ಪಟ್ಟಿ, ಒಂದು ಡಬ್ಬಿ ವ್ಯಾಸಲೀನು, ಬಸ್ಸಿನ ಟಿಕೇಟು ಮತ್ತು ಹನ್ನೊಂದು ವಾರದ ನೆಮ್ಮದಿ. ಮೊದಲೆರಡನ್ನು ಚೌಕಾಸಿ ಮಾಡಿ ಕೊಂಡೆ. ಟಿಕೇಟಿಗೂ ಪ್ರಯತ್ನಿಸಿದ್ದೆ, ಕಂಡಕ್ಟರ್ ಒಪ್ಪಲಿಲ್ಲ. ನೆಮ್ಮದಿ ಮಾತ್ರ ಪೂರ್ತಿ ಬೆಲೆಗೆ ಹೋಯಿತು. ಅರವತ್ತರ ದಶಕದ ಮೊದಲ ವರ್ಷಗಳು. ಕಾಲೇಜಿನಲ್ಲಿ ಜೊತೆಯವರು ರೇಡಿಯಂ, ಪಾದರಸ ಎಂದು ಹಾರಾಡುತ್ತಿದ್ದರು. ಸಂತೆಯಲ್ಲಿ ಬೆಲ್ಲ ಮಾರಿ ಓದಿದ ನಾನು, ಗಾಳಿಯಲ್ಲಿಯ ಧೂಳು ಮನುಷ್ಯನ ಎದೆಗೆ ಏನು ಮಾಡುತ್ತದೆ ಎಂಬ ವಿಷಯ ಆರಿಸಿಕೊಂಡೆ. ಸರಕು ಪುಕ್ಕಟೆ, ತೂಕದಲ್ಲಿ ಮೋಸವಿಲ್ಲ.

ಹಾನಗಲ್ಲಿನ ಅಕ್ಕಿ ಗಿರಣಿ, ಶಿಗ್ಗಾಂವಿಯ ಬಸ್ ನಿಲ್ದಾಣ, ಹಿರೇಕೆರೂರಿನ ಹತ್ತಿ ಗಿರಣಿ, ಸವಣೂರಿನ ಖಾರ ಕುಟ್ಟುವ ಗಿರಣಿ, ಹೀಗೆ ನಾಲ್ಕು ಕಡೆ ಜಿಡ್ಡು ಸವರಿದ ಗಾಜು ಇಟ್ಟೆ. ವಾರಕ್ಕೊಮ್ಮೆ ಬದಲಿಸಿ, ಅಂಟಿದ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸುವುದು. ಸವಣೂರಿನ ಮಾಲೀಕ ಖಾದರಸಾಬರು ಮೊದಲ ದಿನವೇ ಕರಾರು ಹಾಕಿದರು: "ಸರ, ಗಾಜಿನ್ಯಾಗ ಖಾರ ಕಂಡ್ರ ಗ್ವಾಡಿಗೆ ಎರಡು ಕಿಟಕಿ ಒಡಸ್ತೇನಿ. ಕಾಣದಿದ್ರ ಚಾ ಕುಡದು ಸುಮ್ನ ಹೋಗ್ರಿ." ಆ ಗಿರಣಿಗೆ ಕಿಟಕಿಯೇ ಇರಲಿಲ್ಲ. ಕಸ ಹೊಡೆದು ಮೆಣಸಿನಕಾಯಿ ಹಸನು ಮಾಡುವ ಫಕೀರವ್ವ ಮಾತಿಗೊಂದು ಸಲ ಕೆಮ್ಮುತ್ತಿದ್ದಳು.

ಉಳಿದ ಮೂರು ಊರಿನ ಗಾಜುಗಳಲ್ಲಿ ಬೇಕಾದಷ್ಟು ಧೂಳು. ಸವಣೂರಿನದು ಮಾತ್ರ ವಾರವಾರವೂ ಮದುಮಗಳ ಕನ್ನಡಿಯಂತೆ ಫಳಫಳ! ನನಗೆ ಅನುಮಾನ ಬಾರದೆ ಇದ್ದೀತೆ? ಖಾದರಸಾಬರು ಚಹಾಕ್ಕೆ ಸಕ್ಕರೆ ಹೆಚ್ಚು ಹಾಕಿಸಿದರೂ ಅನುಮಾನ, ನಕ್ಕರೂ ಅನುಮಾನ. ಕಿಟಕಿ ತಪ್ಪಿಸಲು ಇವರೇ ಒರೆಸುತ್ತಾರೆಂದು ಖಚಿತವಾಯಿತು. ಹನ್ನೊಂದನೆಯ ವಾರ ಶನಿವಾರದ ಬದಲು ಬುಧವಾರ, ಬಾಗಿಲು ತೆರೆಯುವ ಹೊತ್ತಿಗೇ ಹೋಗಿ ನಿಂತೆ.

ಫಕೀರವ್ವ ಸೆರಗಿನಿಂದ ಗಾಜನ್ನು ಉಜ್ಜುತ್ತಿದ್ದಳು.

"ಏನವಾ ಮಾಡಾಕತ್ತಿ?"

"ಒರಸಾಕತ್ತೇನ್ರಿ. ಕಾಲೇಜಿನವರ ವಸ್ತು, ಹೊಲಸಾದ್ರ ಚಂದೇನ್ರಿ? ದಿನಾ ಒರಸಿ, ನೀವು ಹಚ್ಚಿದಂಗ ಚೂರು ಎಣ್ಣಿ ಹಚ್ಚಿ ಇಡತೇನಿ."

"ಮಾಲೀಕರು ಹೇಳಿದ್ರೇನು?"

"ಯಾರೂ ಹೇಳಿಲ್ರಿ. ನೀವೂ ಹೇಳಿಲ್ಲ."

ನಿಜ, ಹೇಳಿರಲಿಲ್ಲ. ವಿಷಯ ತಿಳಿದರೆ ಕಿಟಕಿಯಾಸೆಗೆ ಇವಳೇ ಒಂದು ಹಿಡಿ ಖಾರ ಉದುರಿಸಿಯಾಳು ಎಂಬ ಗುಮಾನಿ ನನ್ನದು. ಈಗ ಎಲ್ಲ ಬಿಡಿಸಿ ಹೇಳಿದೆ. ಆಕೆ ನಕ್ಕಳು, ನಗು ಕೆಮ್ಮಾಯಿತು. "ಅಯ್ಯ ಶಿವನ! ಧೂಳ ಬೇಕಂತ ಒಂದು ಮಾತು ಅಂದಿದ್ರ ಮೊರದಾಗ ತುಂಬಿ ಕೊಡತಿದ್ನಲ್ರೀ ಸರ!"

ಮುಂದಿನ ಶನಿವಾರ ಗಾಜು ಇಟ್ಟಂಗಿ ಬಣ್ಣಕ್ಕೆ ತಿರುಗಿತ್ತು. ಖಾದರಸಾಬರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಗಡ್ಡ ಕೆರೆದುಕೊಂಡು, "ಒಂದು ಕಿಟಕಿ ಸಾಕಲ್ರಿ?" ಎಂದರು. ಚೌಕಾಸಿಯಲ್ಲಿ ನನ್ನ ಮುಂದೆಯೇ? ಎರಡನೆಯದಕ್ಕೆ ಗೋಡೆಗೆ ಗುದ್ದಲಿ ಬೀಳುವವರೆಗೆ ಅವರ ಮೂರು ಕಪ್ ಚಹಾ ಕುಡಿದು ಕುಳಿತೆ.

ಗೆದ್ದ ಸುದ್ದಿಯನ್ನು ಮನೆಯಲ್ಲಿ ಹಿಗ್ಗಿ ಹೇಳಿದೆ. ಅಂಗಿ ಒಗೆಯುತ್ತಿದ್ದ ಹೆಂಡತಿ ತಲೆಯೆತ್ತಲಿಲ್ಲ. "ಹನ್ನೊಂದು ವಾರಾತು, ಸವಣೂರಿಗೆ ಬಿಳಿ ಅಂಗಿ ತೊಟಗೊಂಡು ಹೋಗಿ ಕೆಂಪಂದು ತರಾಕತ್ತೀರಿ. ಗಾಜ್ಯಾಕ ಬೇಕಿತ್ತರಿ? ಇದನ್ನ ತೋರಿಸಿದ್ರ ಸಾಕಾಗತಿರಲಿಲ್ಲೇನು?"

ಆದ್ದರಿಂದ ನನ್ನ ಸಲಹೆ: ಎಲ್ಲಿಯಾದರೂ ಗಾಜು ಇಡುವಿರಾದರೆ, ಮಾಲೀಕನಿಗಿಂತ ಮೊದಲು ಕಸಬರಿಗೆ ಹಿಡಿದವರಿಗೆ ಕಾರಣ ಹೇಳಿರಿ. ಅದಕ್ಕೂ ಮೊದಲು, ನಿಮ್ಮ ಅಂಗಿ ಒಗೆಯುವವರನ್ನು ಒಂದು ಮಾತು ಕೇಳಿರಿ.