ಮಾವ ತಲೆ ಅಲ್ಲಾಡಿಸದ ದಿನಗಳು

ಜಯನಗರದ ಕಣ್ಣಾಸ್ಪತ್ರೆಯ ಆ ಕೋಣೆಯಲ್ಲಿ ಇದ್ದವರು ನಾಲ್ಕೇ ಜನ. ಡಾಕ್ಟರು, ನನ್ನ ಸೋದರಮಾವ, ತೊಡೆಯ ಮೇಲೆ ಕಾಫಿ ಫ್ಲಾಸ್ಕ್ ಇಟ್ಟುಕೊಂಡ ಅತ್ತೆ, ಮತ್ತು ಇವರಿಬ್ಬರ ಖಾಯಂ ಸಾರಥಿಯಾದ ನಾನು. ನಮ್ಮ ಮಾವನಷ್ಟು ವಿಧೇಯ ರೋಗಿ ದಕ್ಷಿಣ ಬೆಂಗಳೂರಿನಲ್ಲೇ ಇಲ್ಲ ಎಂದು ಬೇಕಾದರೆ ಬರೆದುಕೊಡುತ್ತೇನೆ. ನಮಗೆ ಕಷ್ಟವಾದದ್ದೇ ಅದು!

ಮಾವನ ಕಣ್ಣಿನ ಪೊರೆ ತೆಗೆದು ಹಾಕಲಿದ್ದದ್ದು ಟ್ರೈಫೋಕಲ್ ಟೋರಿಕ್ ಲೆನ್ಸು. ಪೇಪರು ಓದುವಷ್ಟು ಹತ್ತಿರ, ಬಸ್ಸಿನ ಬೋರ್ಡಿನಷ್ಟು ದೂರ, ಇವೆರಡರ ನಡುವೆ ಊಟದ ಮೇಜಿನ ಆಚೆ ತುದಿಯಷ್ಟು ಮಧ್ಯ, ಮೂರೂ ಕಾಣುತ್ತವಂತೆ. ಮಾವನ ಹಳೆಯ ಕನ್ನಡಕದಲ್ಲಿ ಆ ಮಧ್ಯದ್ದೊಂದು ಯಾವಾಗಲೂ ಮಸಕು. ಟೋರಿಕ್ ಎಂದರೆ ಕಣ್ಣುಗುಡ್ಡೆಯ ಮೇಲ್ಮೈಯ ಡೊಂಕನ್ನೂ ಸರಿಮಾಡುವಂಥದ್ದು. ಆದರೆ ಸರಿಯಾದ ಕೋನದಲ್ಲಿ ಕೂತಿರಬೇಕು. ಡಾಕ್ಟರು ಅಲ್ಲಿಗೇ ನಿಲ್ಲಿಸಿದ್ದರೆ ಅವರಿಗೆ ಪುಣ್ಯ ಬರುತ್ತಿತ್ತು. "ಲೆನ್ಸ್ ತಿರುಗಿಬಿಟ್ರೆ ಕಷ್ಟ ಸಾರ್. ಮೊದಮೊದಲು ತಲೆ ಜೋರಾಗಿ ಅಲ್ಲಾಡಿಸ್ಬೇಡಿ" ಎಂದುಬಿಟ್ಟರು.

ಮಾವನೋ, ಅಲ್ಲಿಯವರೆಗೆ ತಲೆಯಿಂದಲೇ ಸಂಸಾರ ಮಾಡಿದವರು. ಹುಳಿ ಹೇಗಿದೆ ಎಂದರೆ ಒಂದು ತಲೆದೂಗು. ಸೀರೆ ಹೇಗಿದೆ ಎಂದರೂ ಅದೇ, ಅದೂ ಪೇಪರಿನ ಹಿಂದಿನಿಂದ. ಮದುವೆಯಾದಾಗಿನಿಂದ ಬಾಯಿಬಿಟ್ಟು ಒಂದು 'ಚೆನ್ನಾಗಿದೆ' ಅನ್ನಲಿಲ್ಲ ಎನ್ನುವುದು ಅತ್ತೆಗೆ ಇದ್ದ ಒಂದೇ ಕೊರಗು. ಅದನ್ನು ನನ್ನೆದುರು ಹೇಳಿಕೊಂಡಾಗಲೆಲ್ಲ ಮಾವ ಹೌದೆಂದು ತಲೆದೂಗುತ್ತಿದ್ದರು!

ಎರಡೂ ಕಣ್ಣಿನ ಆಪರೇಷನ್ ಮುಗಿದದ್ದೇ ಆ ತಲೆ ಗರುಡಗಂಬವಾಯಿತು. ಪದ್ಮನಾಭನಗರದ ಅವರ ಮನೆಯವರೆಗಿನ ರಸ್ತೆ ಹಂಪುಗಳನ್ನು ನಾನು ಅಂಚಿನವರೆಗೆ ತುಂಬಿದ ಪಾಯಸದ ಪಾತ್ರೆ ಹೊತ್ತವನಂತೆ ದಾಟಬೇಕಾಯಿತು. ಪಕ್ಕಕ್ಕೆ ನೋಡಬೇಕಾದರೆ ಮಾವ ಬೀರು ಸರಿಸಿದಂತೆ ಇಡೀ ಮೈ ತಿರುಗಿಸುತ್ತಿದ್ದರು. 'ಮೊದಮೊದಲು' ಎಂದರೆ ಎಷ್ಟು ದಿನ? ಡಾಕ್ಟರು ಮತ್ತೆ ಹೇಳುವವರೆಗೆ ಎಂದು ಮಾವನ ಅರ್ಥ. ರಾಮನವಮಿಯ ಸಂಗೀತ ಕಚೇರಿಯಲ್ಲಿ ಮುಂದಿನ ಸಾಲಿನಲ್ಲೇ ಕೂತು ಒಮ್ಮೆಯೂ ತಲೆದೂಗಲಿಲ್ಲ. ಹಾಡುವವರು ಇವರ ಮುಖ ನೋಡಿ ನೋಡಿ ಬೆವೆತು ಆಲಾಪನೆಯನ್ನೇ ಮೊಟಕು ಮಾಡಿದರು. ಆಮೇಲೆ ಹೋಗಿ ಲೆನ್ಸಿನ ಕಥೆ ವಿವರಿಸುವ ಕೆಲಸ ಯಾರದು ಹೇಳಿ?

ಒಂದು ಸಂಜೆ ಮಾವನಿಗೆ ಬೀದಿದೀಪಗಳ ಸುತ್ತ ಬೆಳಕಿನ ಬಳೆ ಕಂಡಿತು. ಈ ಲೆನ್ಸಿಗೆ ಅದು ಮಾಮೂಲು, ಬರುಬರುತ್ತಾ ರೂಢಿಯಾಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಮಾವ ಮಾತ್ರ ಅದು ತಾವು ಸೀನಿದ್ದರ ಫಲವೆಂದು ನಂಬಿ ನನ್ನನ್ನು ಕರೆಸಿದರು. ಉತ್ತರಹಳ್ಳಿಯ ನನ್ನ ಮನೆಯಿಂದ ಆ ಟ್ರಾಫಿಕ್ಕಿನಲ್ಲಿ ಏದುಸಿರು ಬಿಡುತ್ತಾ ಬಂದು ನಾನು ನೋಡಿದ್ದೇನು? ಬೀದಿದೀಪ.

ತಮಾಷೆಯೆಂದರೆ, ತಲೆಗೆ ರಜೆ ಸಿಕ್ಕಿದ್ದರಿಂದ ಬಾಯಿ ಕೆಲಸಕ್ಕೆ ಇಳಿಯಬೇಕಾಯಿತು. ಅತ್ತೆ ಹುಳಿ ಬಡಿಸಿ ಹೇಗಿದೆ ಎಂದಾಗ, ಬೇರೆ ದಾರಿ ಕಾಣದೆ ಮಾವ "ಚೆನ್ನಾಗಿದೆ ಕಣೇ" ಎಂದರು. ಅತ್ತೆ ಸೌಟು ಹಿಡಿದು ಹಾಗೇ ನಿಂತುಬಿಟ್ಟರು. ಮರುದಿನದಿಂದ ಉಪ್ಪಿನಕಾಯಿಗೂ ಮಜ್ಜಿಗೆಗೂ, ಕೊನೆಗೆ ಬರೀ ಬಿಸಿನೀರಿಗೂ ಹೇಗಿದೆ ಎಂದು ಕೇಳತೊಡಗಿದರು. ಒಂದು ದಿನ ಅಡುಗೆಮನೆಗೆ ನನ್ನನ್ನು ಕರೆದು, "ಲೆನ್ಸು ನಿಧಾನವಾಗಿ ಸೆಟ್ ಆದ್ರೂ ಏನೂ ತೊಂದ್ರೆ ಇಲ್ಲ ಅಲ್ವೇನೋ?" ಎಂದರು.

ಆದರೆ ಅದು ಸೆಟ್ ಆಗೇ ಆಗಿತ್ತು. ಮುಂದಿನ ತಪಾಸಣೆಯಲ್ಲಿ ಡಾಕ್ಟರು ಲೆನ್ಸು ಕೂತ ಜಾಗದಲ್ಲೇ ಇದೆ, ಇನ್ನು ಧಾರಾಳವಾಗಿ ತಲೆ ಆಡಿಸಬಹುದು ಎಂದರು. ಮಾವ ಡಾಕ್ಟರಿಗೂ ನರ್ಸಿಗೂ ಪಾರ್ಕಿಂಗಿನವನಿಗೂ ತಲೆದೂಗಿಕೊಂಡೇ ಕಾರು ಹತ್ತಿದರು. ಅತ್ತೆ ದಾರಿಯುದ್ದಕ್ಕೂ ಫ್ಲಾಸ್ಕಿನ ಮುಚ್ಚಳ ಬಿಗಿ ಮಾಡುತ್ತಲೇ ಇದ್ದರು.

ಮನೆಗೆ ಬಂದು ಹುಳಿ ಬಡಿಸಿದರು. ಹೇಗಿದೆ ಎಂದು ಕೇಳಲಿಲ್ಲ. ಮೇಜಿನ ಆಚೆ ತುದಿಯಲ್ಲಿ ಕೂತರು. ಮಾವ ಒಂದು ತುತ್ತು ತಿಂದು ಹಳೆಯ ಅಭ್ಯಾಸದಂತೆ ತಲೆದೂಗಿ, ಹಾಗೇ ಮುಖವೆತ್ತಿದವರು, ಈಗ ಮಸಕಿಲ್ಲದೆ ಕಾಣುವ ಅತ್ತೆಯನ್ನು ಸ್ವಲ್ಪ ಹೊತ್ತು ನೋಡಿದರು.

"ಚೆನ್ನಾಗಿದೆ ಕಣೇ" ಎಂದರು.

ಅತ್ತೆ ಎದ್ದು ಇನ್ನೊಂದು ಸೌಟು ಬಡಿಸಿದರು.