ಮಾವ ಅಳೆದ ಎದೆ

ಹೊನ್ನಾಳಿಯಲ್ಲಿ ತನ್ನಷ್ಟು ಗರಡಿ ಕಂಡವರು ಇನ್ನೊಬ್ಬರಿಲ್ಲ ಎಂದು ನಮ್ಮ ಸೋದರಮಾವ ಹೇಳಿಕೊಳ್ಳುತ್ತಿದ್ದರು. ಅದು ಸುಳ್ಳಲ್ಲ. ಒಂದೇ ಒಂದು ತಿದ್ದುಪಡಿ ಬೇಕು. ಅವರು ಗರಡಿಯನ್ನು ಕಂಡದ್ದು ಹೊರಗಿನ ಜಗಲಿಯ ಮೇಲೆ ಕೂತು. ಒಳಗೆ ಕಲ್ಲು ಎತ್ತಿದವನು ನಾನು. ಇಷ್ಟು ವರ್ಷವಾದ ಮೇಲೂ ಅದನ್ನು ನೆನೆದರೆ ನನ್ನ ತೊಡೆ ನೋಯುತ್ತದೆ.

ಮಾವ ಟೇಲರು. ಇಪ್ಪತ್ತೈದು ವರ್ಷ ಹೊಲಿಗೆ ಮಷೀನು ತುಳಿದು ಕಾಲು ಮಾತ್ರ ಗಟ್ಟಿಯಾಗಿ, ಉಳಿದ ದೇಹವೆಲ್ಲ ದಾರದ ಹಾಗೆ ಉಳಿದಿತ್ತು. ಅವರಿಗೆ ಊರಿನವರ ಹೆಸರು ನೆನಪಿರುತ್ತಿರಲಿಲ್ಲ, ಅಳತೆ ನೆನಪಿರುತ್ತಿತ್ತು. "ಮೂವತ್ತಾರು-ನಲವತ್ತು ಬಂದಿದ್ರು, ನಾಳೆ ಬರ್ತಾರಂತೆ" ಎಂದು ಅತ್ತೆಗೆ ಹೇಳುವರು. ಎದೆ ಮೂವತ್ತಾರು, ಹೊಟ್ಟೆ ನಲವತ್ತು ಇರುವ ಗೃಹಸ್ಥರು ಯಾರೆಂದು ಅತ್ತೆಗೂ ತಕ್ಷಣ ತಿಳಿಯುತ್ತಿತ್ತು. ಇಂಥ ಮನೆಯಲ್ಲಿ ಮನುಷ್ಯನಾಗಿ ಬದುಕುವುದು ಕಷ್ಟ. ಅಳತೆಯಾಗಿ ಬದುಕಬೇಕು.

ನಾನು ಆ ಮನೆಗೆ ಹೋದದ್ದು ಯುದ್ಧದ ಕಾಲದಲ್ಲಿ. ಆರು ವರ್ಷದವನಿದ್ದಾಗ ತಾಯಿ ತೀರಿಕೊಂಡಿದ್ದರಿಂದ ಬಸವಾಪಟ್ಟಣದಲ್ಲಿ ಅಜ್ಜಿಯ ಕೈಯಲ್ಲಿ ಬೆಳೆದವನು. ಇಪ್ಪತ್ತೆರಡಕ್ಕೆ ಹೊನ್ನಾಳಿಯ ಶಾಲೆಯಲ್ಲಿ ಮೇಷ್ಟರ ಕೆಲಸ ಸಿಕ್ಕಿತು. ಟ್ರಂಕು ಹೊತ್ತು ಬಾಗಿಲಲ್ಲಿ ನಿಂತರೆ ಮಾವ ಬಾ ಎನ್ನಲಿಲ್ಲ, ಕಾಲು ತೊಳಿ ಎನ್ನಲಿಲ್ಲ. ಕುತ್ತಿಗೆಯಲ್ಲಿದ್ದ ಟೇಪು ತೆಗೆದು ನನ್ನ ಎದೆಗೆ ಸುತ್ತಿದರು.

"ಮೂವತ್ತು" ಎಂದು ಹೇಳಿ ಅಲ್ಲೇ ಕೂತುಬಿಟ್ಟರು. ಊಟಕ್ಕೆ ಕರೆದರೂ ಏಳಲಿಲ್ಲ.

ಮಾರನೆಯ ಬೆಳಿಗ್ಗೆ ಕೋಳಿ ಕೂಗುವ ಮುಂಚೆ ಹೊದಿಕೆ ಎಳೆದರು.

"ಏಳೋ. ಗರಡಿಗೆ ಹೋಗಬೇಕು."

"ನನಗ್ಯಾಕೆ ಗರಡಿ, ಮಾವ? ಮಗ್ಗಿ ಹೇಳಿಕೊಡಾಕೆ ಎದೆ ಎಷ್ಟಿದ್ದರೇನು?"

"ಏಳು ಅಂದ್ರೆ ಏಳು."

ಅವರೇ ಹೊಲಿದ ಹೊಸ ಲಂಗೋಟಿಯನ್ನು ಕೈಗಿಟ್ಟರು. ಅದಕ್ಕೆ ಜೇಬು ಇತ್ತು. ನಾನು ಆಗ ನಿದ್ದೆಗಣ್ಣಿನಲ್ಲಿದ್ದೆ, ಗಮನಿಸಲಿಲ್ಲ. ಗಮನಿಸಿದವರು ಗರಡಿಯ ವಸ್ತಾದರು. ಹಗಲಲ್ಲಿ ಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಹೊಡೆಯುವ, ಬೆಳಿಗ್ಗೆ ಊರ ಗಂಡಸರಿಗೆ ಸಾಮು ಕಲಿಸುವ ದೊಡ್ಡ ಆಳು. ಹತ್ತಿಪ್ಪತ್ತು ಜನರ ನಡುವೆ ನಾನು ತೋಳುಗಳಿಂದ ಎದೆ ಮುಚ್ಚಿಕೊಂಡು ನಿಂತಿದ್ದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಜಗಲಿಯ ಕಡೆ ತಿರುಗಿದರು.

"ಇದೇನ್ರಿ ಟೇಲರೇ, ಲಂಗೋಟಿಗೆ ಜೇಬು?"

"ಮೇಷ್ಟ್ರು ಕಣ್ರಿ ಅವನು. ಸೀಮೆಸುಣ್ಣ ಎಲ್ಲಿ ಇಟ್ಕೋಬೇಕು?" ಎಂದರು ಮಾವ.

ನಕ್ಕವರಲ್ಲಿ ನನ್ನ ವಿದ್ಯಾರ್ಥಿಗಳ ಅಪ್ಪಂದಿರೂ ಇದ್ದರು. ವಸ್ತಾದರು ಮಾತ್ರ ನಗದೆ, "ಹೆದರಬ್ಯಾಡ್ರಿ ಮೇಷ್ಟ್ರೇ. ಮಣ್ಣು ಮೆತ್ತಗೈತೆ, ಬಿದ್ದರೂ ಏನೂ ಆಗಲ್ಲ" ಎಂದರು. ನಾನು ಬಿದ್ದೆ. ಏನೂ ಆಗಲ್ಲ ಎನ್ನುವ ಮಾತು ಮಾತ್ರ ಸುಳ್ಳಾಯಿತು. ಹನ್ನೊಂದನೆಯ ಬಸ್ಕಿಗೆ ಕೆಳಗೆ ಹೋದವನು ಮೇಲೆ ಬರಲಿಲ್ಲ. ಇಬ್ಬರು ಹಿಡಿದು ಎಬ್ಬಿಸಿದರು. ಆ ವಾರವೆಲ್ಲ ಶಾಲೆಯಲ್ಲಿ ಕೂತರೆ ಏಳಲಾರೆ, ನಿಂತರೆ ಕೂರಲಾರೆ. ಕೈ ಮೇಲೆತ್ತಲು ಬಾರದೆ ಕಪ್ಪುಹಲಗೆಯ ಕೆಳಗಿನ ಚೋಟಗಲದಲ್ಲೇ ಎಲ್ಲ ಲೆಕ್ಕ ಬರೆದೆ. ಹಿಂದಿನ ಸಾಲಿನ ಹುಡುಗರು ನೆಲದ ಮೇಲೆ ಮಲಗಿ ಓದಿಕೊಂಡರು.

ಆ ಗರಡಿಯಲ್ಲಿ ಎತ್ತುವುದಕ್ಕೆ ಮೂರು ಗುಂಡುಕಲ್ಲುಗಳಿದ್ದವು. ದೊಡ್ಡದರ ಹೆಸರು ಅತ್ತೆ, ನಡುವಿನದು ಸೊಸೆ, ಸಣ್ಣದು ಕೂಸು. ಯಾವ ಕಾಲದಲ್ಲಿ ಯಾರು ಇಟ್ಟ ಹೆಸರೋ. ತಿಂಗಳು ಕಳೆದ ಮೇಲೆ ನನ್ನನ್ನು ಕೂಸಿನ ಮುಂದೆ ನಿಲ್ಲಿಸಿದರು. ನಾನು ತಬ್ಬಿದೆ, ಎಳೆದೆ, ಬೇಡಿಕೊಂಡೆ. ಕೂಸು ಕದಲಲಿಲ್ಲ.

ಜಗಲಿಯಿಂದ ಮಾವನ ಧ್ವನಿ ಬಂತು. "ಅದರ ಮುಖ ನೋಡಬ್ಯಾಡೋ. ನೋಡಿದ್ರೆ ಅದಕ್ಕೆ ಸೊಕ್ಕು ಬರ್ತೈತೆ."

"ನೀವೇ ಒಂದ್ಸಲ ಬಂದು ತೋರಿಸ್ರಿ" ಎಂದು ವಸ್ತಾದರು ಕರೆದರು.

"ನಾನು ಹೇಳೋನು. ಮಾಡೋನು ಅವನು" ಎಂದು ಮಾವ ಎಲೆಗೆ ಸುಣ್ಣ ಹಚ್ಚಿಕೊಂಡರು.

ಅಂದು ಊಟದ ಹೊತ್ತಿಗೆ ಮಾವನ ಹುರುಪು ಇಳಿದಿರಲಿಲ್ಲ. "ನೋಡು, ಯುಗಾದಿಯೊಳಗೆ ಕೂಸು. ಮುಂದಿನ ಯುಗಾದಿಗೆ ಅತ್ತೆನ್ನ ಎತ್ತಬೇಕು ನೀನು" ಎಂದರು. ಒಲೆಯ ಮುಂದಿದ್ದ ನಮ್ಮತ್ತೆ ಸೌಟು ಹಿಡಿದು ಹೊರಬಂದು, "ಯಾರನ್ನ ಎತ್ತೋದು?" ಎಂದು ಕೇಳಿದರು. ಇದು ಕಲ್ಲಿನ ಹೆಸರೆಂದು ಅವರನ್ನು ನಂಬಿಸುವಷ್ಟರಲ್ಲಿ ಸಾರು ಆರಿಹೋಯಿತು. ಅವರು ಪೂರ್ತಿ ನಂಬಿದರೆಂದು ಈಗಲೂ ನನಗೆ ಅನಿಸುವುದಿಲ್ಲ.

ಗರಡಿ ಬೆಳಿಗ್ಗೆ ಮುಗಿಯುತ್ತಿತ್ತು, ಮಾವ ಮುಗಿಯುತ್ತಿರಲಿಲ್ಲ. ಒಂದು ಭಾನುವಾರ ನ್ಯಾಮತಿಗೆ ಬಟ್ಟೆ ತರಲು ಕರೆದುಕೊಂಡು ಹೋದರು. ಪೆಟ್ರೋಲು ಸಿಗದ ದಿನಗಳು, ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಓಡುವ ಬಸ್ಸುಗಳು. ವಾಪಸು ಬರುವಾಗ ಏರಿನಲ್ಲಿ ಬಸ್ಸು ಉಸಿರು ಬಿಟ್ಟು ನಿಂತಿತು. ಕಂಡಕ್ಟರು ಎಲ್ಲರೂ ಇಳಿದು ತಳ್ಳಬೇಕೆಂದು ಕೂಗಿದ.

"ಎಲ್ಲಾರೂ ಯಾಕೆ? ನಮ್ಮ ಹುಡುಗ ಗರಡಿಯವನು" ಎಂದರು ಮಾವ.

ಜನ ಸಂತೋಷದಿಂದ ಕೂತಲ್ಲೇ ಕೂತರು. ಇಳಿದವರು ನಾನು, ಕ್ಲೀನರು ಮತ್ತು ಒಬ್ಬ ಪಾಪದ ಬಳೆಗಾರ. ಎಷ್ಟು ಹೊತ್ತು ತಳ್ಳಿದೆವೋ. ಕೊನೆಗೆ ಬಸ್ಸು ಕೆಮ್ಮಿ, ಹೊಗೆ ಕಕ್ಕಿ, ಏರು ಹತ್ತಿತು. ಕ್ಲೀನರು ಏಣಿ ಹಿಡಿದು ನೇತಾಡಿದ. ಬಳೆಗಾರ ಓಡಿ ಹತ್ತಿದ. ನಾನು ರಸ್ತೆಯ ಮೇಲೆ ಕೂತಿದ್ದೆ. ಮತ್ತೆ ನಿಲ್ಲಿಸಿದರೆ ಹೊರಡುವುದಿಲ್ಲವೆಂದು ಡ್ರೈವರು ನಿಲ್ಲಿಸಲಿಲ್ಲ. ಕಿಟಕಿಯಿಂದ ಮಾವನ ಕೈಯೊಂದು ಬಹಳ ದೂರದವರೆಗೂ ಕಾಣುತ್ತಿತ್ತು. ಸಂಜೆ ಕಾಲೆಳೆದುಕೊಂಡು ಮನೆಗೆ ಬಂದರೆ, "ನಡೆದದ್ದೂ ಒಳ್ಳೇದೇ ಆಯ್ತು" ಎಂದರು.

ಇಷ್ಟೆಲ್ಲ ಕಷ್ಟಕ್ಕೆ ಒಂದೇ ಸಮಾಧಾನವಿತ್ತು. ಪ್ರತಿ ಭಾನುವಾರ ಮಾವ ನನ್ನ ಎದೆ ಅಳೆಯುವರು. ಗದ್ದ ಮೇಲೆತ್ತಿ ಜಂತೆ ನೋಡುತ್ತ ನಿಲ್ಲಬೇಕು, ಟೇಪು ಓದುವವರು ಅವರು. ಮೂವತ್ತೂ ಕಾಲು, ಮೂವತ್ತೂವರೆ, ಮೂವತ್ತೊಂದು. ನಾನು ಮೊದಮೊದಲು ನಂಬಲಿಲ್ಲ. ಆದರೆ ಅಂಗಿಗಳೇ ಸಾಕ್ಷಿ ಹೇಳತೊಡಗಿದವು. ಮೊದಲು ಗೂಟಕ್ಕೆ ನೇತುಹಾಕಿದಂತಿದ್ದ ಅಂಗಿಗಳು ಎದೆಯ ಹತ್ತಿರ ಬಿಗಿಯಾದವು. ಎರಡು ತಿಂಗಳಲ್ಲಿ ಗುಂಡಿ ಹಾಕಲು ಉಸಿರು ಹಿಡಿಯಬೇಕಾಯಿತು. ನನಗೇ ತಿಳಿಯದೆ ಬೆನ್ನು ನೆಟ್ಟಗಾಯಿತು. ಶಾಲೆಯ ಹೆಡ್ಮಾಸ್ತರರು ಮೊದಲ ಸಲ ನನ್ನನ್ನು ಬಹುವಚನದಲ್ಲಿ ಮಾತಾಡಿಸಿದರು. ಮೂರನೆಯ ತಿಂಗಳ ಒಂದು ಬೆಳಿಗ್ಗೆ ನಾನು ಕೂಸಿನ ಮುಖವನ್ನೇ ನೋಡುತ್ತ ಬಗ್ಗಿದೆ, ತಬ್ಬಿದೆ, ಮೊಣಕಾಲಿಗೆ ತಂದೆ, ಅಲ್ಲಿಂದ ಎದೆಗೆ ತಂದೆ. ಹೆಗಲ ಮೇಲಿಂದ ಹಿಂದಕ್ಕೆ ಉರುಳಿಸಿದಾಗ ಕೆಮ್ಮಣ್ಣಿನಲ್ಲಿ ಧಪ್ ಎಂದು ಸದ್ದಾಯಿತು. ವಸ್ತಾದರು ಮೆಚ್ಚಿ ಬಂದು ನನ್ನ ಬೆನ್ನಿಗೆ ಗರಡಿಯ ಮಣ್ಣು ಬಳಿದರು. ಜಗಲಿಯ ಕಡೆ ನೋಡಿದೆ. ಮಾವ ಅಲ್ಲಿರಲಿಲ್ಲ. ಗೋಡೆಯ ಮರೆಗೆ ಹೋಗಿ ಮೂಗು ಒರೆಸಿಕೊಳ್ಳುತ್ತಿದ್ದರು. ಎಲೆಯಡಿಕೆ ನೆತ್ತಿಗೇರಿತು ಎಂದರು.

ದಸರೆಯ ರಜೆಗೆ ಬಸವಾಪಟ್ಟಣಕ್ಕೆ ಹೋದೆ. ಮೂವತ್ತೆರಡರ ಎದೆ ಹೊತ್ತು ಅಜ್ಜಿಯ ಮುಂದೆ ನಿಂತೆ. ಅಜ್ಜಿ ಕಣ್ಣು ಕಿರಿದು ಮಾಡಿ, "ಹಂಗೇ ಅದೀಯಲ್ಲೋ" ಎಂದಳು. ಅವಳಿಗೆ ಕಣ್ಣು ಮಂದವೆಂದುಕೊಂಡೆ. ಸ್ನಾನ ಮಾಡಿ ಬಂದು, ಅಲ್ಲೇ ಬಿಟ್ಟುಹೋಗಿದ್ದ ಹಳೆಯ ಅಂಗಿ ತೊಟ್ಟೆ. ಹೋದ ವರ್ಷ ಮಾವನೇ ಅಳತೆ ತೆಗೆಯದೆ, ಅಂದಾಜಿನ ಮೇಲೆ ಹೊಲಿದು ಕಳಿಸಿದ್ದ ಅಂಗಿ. ಅದು ಮೈಮೇಲೆ ಮೊದಲಿನ ಹಾಗೆಯೇ ಜೋಲಾಡಿತು. ಗುಂಡಿ ಹಾಕಿದ ಮೇಲೂ ಒಳಗೆ ಒಂದು ಬೆಕ್ಕು ಸಾಕುವಷ್ಟು ಜಾಗವಿತ್ತು.

ಬಿಚ್ಚಿಟ್ಟಿದ್ದ ಬಿಗಿ ಅಂಗಿಯನ್ನು ಒಳಮಗ್ಗುಲು ತಿರುಗಿಸಿ ನೋಡಿದೆ. ಎರಡೂ ಪಕ್ಕ ಹೊಲಿಗೆಯ ಪಕ್ಕದಲ್ಲಿ ಇನ್ನೊಂದು ಹೊಲಿಗೆ, ಅದರ ಪಕ್ಕದಲ್ಲಿ ಮತ್ತೊಂದು. ವಾರವಾರವೂ ಒಂದು ಗೆರೆಯಷ್ಟು ಒಳಗೆ ಹಿಡಿದಿದ್ದರು. ಬಿಚ್ಚಿದ ಹಳೆಯ ಹೊಲಿಗೆಯ ಸೂಜಿತೂತುಗಳು ಸಾಲಾಗಿ ಕಾಣುತ್ತಿದ್ದವು. ನಾನು ಬೆಳೆದಿರಲಿಲ್ಲ. ಅಂಗಿ ಕಿರಿದಾಗಿತ್ತು.

ಹೊನ್ನಾಳಿಗೆ ಮರಳಿದ ಮಧ್ಯಾಹ್ನ ಎರಡೂ ಅಂಗಿಗಳನ್ನು ಮಷೀನಿನ ಮೇಲೆ ಹಾಕಿದೆ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಮಾವ ಹೊಲಿಗೆಯ ಮೇಲೆ ಬೆರಳಾಡಿಸಿ, "ಇಷ್ಟು ದಿವಸ ಗೊತ್ತಾಗಲಿಲ್ಲ ನೋಡು ನಿನಗೆ" ಎಂದರು. ಅದರಲ್ಲಿ ಕಸುಬಿನ ಹೆಮ್ಮೆ ಇತ್ತು.

"ಮೂರು ತಿಂಗಳು ನನ್ನನ್ನ ಮಂಗ ಮಾಡಿದ್ರಲ್ಲ, ಮಾವ."

"ಅಂಗಿ ಬಿಗಿ ಆದ ಮೇಲೇ ನೀನು ಎದೆ ಎತ್ತಿ ನಡೆಯಾಕೆ ಶುರು ಮಾಡಿದ್ದು."

"ಹಂಗಾದ್ರೆ ಎಲ್ಲಾ ಸುಳ್ಳು. ಕಲ್ಲು ಎತ್ತಿದ್ದೂ ಸುಳ್ಳು."

"ಕಲ್ಲು ನಾನು ಹೊಲಿದಿದ್ದಲ್ಲಪ್ಪ" ಎಂದರು ಮಾವ.

ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಅಂದು ಮೈಯಲ್ಲಿ ನಗುವಷ್ಟು ಶಕ್ತಿ ಇರಲಿಲ್ಲ. "ನನಗೆ ಸಾಕಾಗೈತೆ. ನಾಳೆಯಿಂದ ಗರಡಿಗೆ ಬರಲ್ಲ. ನನ್ನ ಎದೆ ಎಷ್ಟಾದ್ರೂ ಇರಲಿ, ನಿಮಗ್ಯಾಕೆ?" ಎಂದೆ.

ಮಾವ ಟೇಪನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. ಆಮೇಲೆ ಮಷೀನಿನ ಚಕ್ರ ನೋಡುತ್ತ ಮಾತಾಡಿದರು.

"ನಿಮ್ಮಮ್ಮ ಕಡೇ ವರ್ಷ ಇಲ್ಲೇ ಇದ್ದಳು. ಕ್ಷಯ, ಅಂಟೋ ಎದೆರೋಗ ಅಂತ ನಿನ್ನ ಹತ್ರ ಬಿಡಲಿಲ್ಲ, ನಿನಗೆ ಗೊತ್ತಿಲ್ಲ. ತಿಂಗಳಿಗೊಂದ್ಸಲ ರವಿಕೆ ತಂದು ಇದೇ ಮಷೀನಿನ ಮೇಲೆ ಇಡೋಳು. ಅಣ್ಣ, ದೊಗಳೆ ಆಗೈತೆ, ಒಂಚೂರು ಹಿಡಿದು ಕೊಡು ಅನ್ನೋಳು. ನಗ್ತಾನೇ ಅನ್ನೋಳು. ನಾನು ಹಿಡಿದು ಕೊಡ್ತಿದ್ದೆ. ಮುಂದಿನ ತಿಂಗಳು ಮತ್ತೆ ತರೋಳು. ಕಡೆಗೆ ಹಿಡಿಯಾಕೆ ಬಟ್ಟೇಲಿ ಜಾಗ ಇರಲಿಲ್ಲ, ಹೊಲಿಗೆ ಮೇಲೆ ಹೊಲಿಗೆ. ಆಕೆ ಇಲ್ಲಿಗೆ ಬಂದಾಗ ಮೊದಲು ತಗೊಂಡ ಅಳತೆ ಮೂವತ್ತು. ನೀನು ಟ್ರಂಕು ಹೊತ್ತು ಬಂದ ದಿವಸ ಟೇಪು ಅದನ್ನೇ ತೋರಿಸ್ತು."

ಮಾರನೆಯ ಬೆಳಿಗ್ಗೆ ನನ್ನನ್ನು ಯಾರೂ ಎಬ್ಬಿಸಲಿಲ್ಲ. ನಾನೇ ಎದ್ದು ಗರಡಿಗೆ ಹೋದೆ. ಉತ್ಸಾಹದಿಂದ ಹೋದೆ ಎಂದು ಹೇಳಲಾರೆ, ಚಳಿ ಬಹಳವಿತ್ತು. ದಂಡ ಹೊಡೆಯುವಾಗ ತಲೆಯೆತ್ತಿದರೆ ಮಾವ ಕಂಬಳಿ ಹೊದ್ದು ಜಗಲಿಯ ಮೇಲೆ ಕೂತಿದ್ದರು. ಅಂದು ಮಾತ್ರ ಒಂದೂ ಸಲಹೆ ಕೊಡಲಿಲ್ಲ.

ನಾನೇನೂ ಪೈಲ್ವಾನನಾಗಲಿಲ್ಲ. ಸೊಸೆಯನ್ನು ಮೊಣಕಾಲಿನವರೆಗೆ ತಂದೆ, ಅತ್ತೆಯ ತಂಟೆಗೆ ಹೋಗಲಿಲ್ಲ. ಆದರೆ ಆ ಚಳಿಗಾಲದಲ್ಲಿ ಊರಿಗೆಲ್ಲ ಬಂದ ಕೆಮ್ಮು ನನಗೆ ಬರಲಿಲ್ಲ, ಅತ್ತೆ ಇಡುತ್ತಿದ್ದ ಮುದ್ದೆ ಎರಡರಿಂದ ಮೂರಾಯಿತು. ಮುಂದಿನ ವರ್ಷ ಜಗಳೂರಿನ ಕಡೆಯ ಹುಡುಗಿಯೊಂದಿಗೆ ಮದುವೆ ಗೊತ್ತಾಯಿತು. ಬಟ್ಟೆಗೆ ಕಂಟ್ರೋಲ್ ಬಂದಿದ್ದ ಕಾಲ. ಸಾಲಿನಲ್ಲಿ ನಿಂತು ತಂದ ಬಟ್ಟೆಯಲ್ಲಿ ನನಗೊಂದು ಕೋಟು, ಮಾವನಿಗೊಂದು ಕೋಟು ಆಗಬೇಕಿತ್ತು. ಮಾವ ತಮ್ಮದನ್ನು ಹೊಲಿಯಲೇ ಇಲ್ಲ. ಬಟ್ಟೆ ಸಾಲಲಿಲ್ಲ ಎಂದರು.

ಜಗಳೂರಿನಲ್ಲಿ ಮದುವೆಯ ಬೆಳಿಗ್ಗೆ ಅವರೇ ನನಗೆ ಕೋಟು ತೊಡಿಸಿದರು. ಹೊರಗಿನಿಂದ ಹೇಳಿ ಮಾಡಿಸಿದ ಹಾಗಿತ್ತು. ಪಕ್ಕಗಳು ಮಾತ್ರ ದಪ್ಪವಾಗಿ ಕೈಗೆ ತಾಗುತ್ತಿದ್ದವು. ಒಳಗೆ ಬೆರಳು ಹಾಕಿ ನೋಡಿದೆ. ಎರಡೂ ಕಡೆ ಅಂಗೈ ಅಗಲದ ಬಟ್ಟೆ ಮಡಿಚಿ ಬಿಟ್ಟಿದ್ದರು.

"ಇಷ್ಟು ಬಟ್ಟೆ ಒಳಗ್ಯಾಕೆ ಬಿಟ್ರಿ, ಮಾವ? ನಿಮಗೊಂದು ಕೋಟು ಆಗ್ತಿತ್ತಲ್ಲ."

"ಇರಲಿ ಬಿಡು" ಎಂದರು ಮಾವ, ಗುಂಡಿ ಹಾಕುತ್ತ. "ನಮ್ಮ ಮನೆಯವರ ಬಟ್ಟೆ ಹಿಡಿದು ಕೊಟ್ಟಿದ್ದೇ ಆಯ್ತು, ಬಿಚ್ಚಿ ಅಗಲ ಮಾಡೋ ಕೆಲಸ ನನ್ನ ಪಾಲಿಗೆ ಇನ್ನೂ ಬಂದಿಲ್ಲ."

ಕೊನೆಯ ಗುಂಡಿ ಹಾಕಿದ ಮೇಲೂ ಅವರ ಅಂಗೈ ಸ್ವಲ್ಪ ಹೊತ್ತು ನನ್ನ ಎದೆಯ ಮೇಲೆಯೇ ಇತ್ತು.