ಮೆಟ್ಟಿಲ ಮೇಲಿನ ಕಾವಲು

ಅಷ್ಟೆಲ್ಲ ರಾದ್ಧಾಂತಕ್ಕೆ ಕಾರಣವಾದದ್ದು ಲ್ಯಾಪ್‌ಟಾಪಿನ ಹಣೆಯ ಮೇಲಿದ್ದ ಸಾಸಿವೆ ಕಾಳಿನಷ್ಟು ಕ್ಯಾಮೆರಾ.

ವಿಕ್ರೋಳಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ ಮುರಿಗೆಪ್ಪನ ಮಗಳು ಸೋನಾಲಿ ಇನ್ನೂ ಹನ್ನೊಂದನೆಯ ತರಗತಿ. ಶಾಲೆಯಲ್ಲಿರುವಾಗಲೇ ಕಾಲೇಜಿನ ಒಂದು ವಿಷಯ ಓದಿ ಪಾಸಾದರೆ ಅದರ ಕ್ರೆಡಿಟ್ ತನ್ನ ಹೆಸರಿಗೆ ಜಮಾ ಆಗುತ್ತದೆ, ಪದವಿಗೆ ಸೇರಿದ ಮೇಲೆ ಅದನ್ನು ಮತ್ತೆ ಓದಬೇಕಿಲ್ಲ ಎಂದು ಅವಳು ವಿವರಿಸಿದಾಗ ಅಜ್ಜಿ ಬಸಲಿಂಗವ್ವ, “ಉಣ್ಣೂಕಿಂತ ಮೊದಲ ತೇಗು ಬಂದಂಗಾತಲ್ಲೋ!” ಎಂದಿದ್ದಳು. ಮುರಿಗೆಪ್ಪ ನಗಲಿಲ್ಲ. ಎರಡು ವರ್ಷದ ಹಿಂದೆ ತೀರಿಕೊಂಡ ಹೆಂಡತಿ ಮಹಾದೇವಿ ಕಡೆಗೆ ಆಡಿದ್ದು ಮಗಳ ಓದಿನ ಮಾತನ್ನೇ.

ಪರೀಕ್ಷೆ ಭಾನುವಾರ, ಮನೆಯಲ್ಲೇ. ಕೋಣೆಯಲ್ಲಿ ಇನ್ನೊಬ್ಬರಿರಕೂಡದು, ಮಾತು ಕೇಳಕೂಡದು. ಕ್ಯಾಮೆರಾ ಎಲ್ಲವನ್ನೂ ಕಾಯುತ್ತಿರುತ್ತದೆ. ತಪ್ಪಿದರೆ ಪರೀಕ್ಷೆ ರದ್ದು, ಮತ್ತೆ ಮುಂದಿನ ವರ್ಷವೇ. ಭಾಂಡುಪಿನ ಆ ಮನೆಗಿದ್ದದ್ದು ಒಂದೇ ಕೋಣೆ. ಅಜ್ಜಿಯ ಪೂಜೆಯ ಗಂಟೆಗೆ ಹೆದರಿ ಮುರಿಗೆಪ್ಪ ಅವಳನ್ನು ನಸುಕಿನಲ್ಲೇ ಗ್ರಾಂಟ್ ರೋಡಿನ ತಂಗಿಯ ಮನೆಗೆ ಸಾಗಿಸಿದ. ಹೊರಡುವಾಗ ಅವಳು, “ಪರೀಕ್ಷಾ ಅಂತ ಯಾರಿಗೂ ಬಾಯಿ ಬಿಡಬ್ಯಾಡ. ಕೂಸಿಗೆ ದೃಷ್ಟಿ ಆಗತೈತಿ,” ಎಂದು ವಿಭೂತಿ ಮುಟ್ಟಿಸಿ ಆಣೆ ಹಾಕಿಸಿಕೊಂಡಳು.

ಸೋನಾಲಿ ತಾಯಿಯ ಫೋಟೋದ ಕೆಳಗೆ, ಬಾಗಿಲಿಗೆ ಬೆನ್ನು ಮಾಡಿ ಕೂತಳು. “ಪಪ್ಪಾ, ಪ್ಲೀಸ್, ಬಾಹರ್ ಬೈಠೋ. ಟೆನ್ಶನ್ ಮತ್ ಲೋ.”

ಮುರಿಗೆಪ್ಪ ಹೊರಗೆ ಮೆಟ್ಟಿಲ ಮೇಲೆ ತಲೆ ಹಿಡಿದು ಕೂತ. ಕೂತರೆ ಸಮಾಧಾನವಿಲ್ಲ. ಬಾಗಿಲನ್ನು ಎರಡು ಬೆರಳಷ್ಟು ಸರಿಸಿ ನೋಡಿದ. ಮಗಳ ಬಗ್ಗಿದ ತಲೆ, ಮೇಲೆ ಮಹಾದೇವಿಯ ನಗು. ಸ್ವಲ್ಪ ಸಮಾಧಾನವಾಯಿತು. ಮತ್ತೆ ಕೂತ, ಕಾದ ಹಂಚಿನ ಮೇಲೆ ಕೂತವನಂತೆ ಮತ್ತೆ ಎದ್ದ.

ಎದುರುಮನೆಯಲ್ಲಿ ಮಿಕ್ಸರ್ ಗುಡುಗಿತು. ಓಡಿಹೋಗಿ ಉಡುಪಿಯ ಮೋಹಿನಿಗೆ ಕೈಮುಗಿದ. “ಅಕ್ಕಾರ, ಇವತ್ತೊಂದಿನ ಸಪ್ಪಳ ಬ್ಯಾಡ್ರಿ.”

“ಎಂತಾಯ್ತು ಮಾರಾಯ್ರೇ?”

“ಈಗ ಕೇಳಬ್ಯಾಡ್ರಿ. ಎಲ್ಲಾ ಮುಗೀಲಿ.”

“ಅಜ್ಜಿ ಎಲ್ಲಿ? ಗಂಟೆ ಕೇಳ್ಲೇ ಇಲ್ಲ ಇವತ್ತು?”

ಆಣೆ ನೆನಪಾಗಿ ಮುರಿಗೆಪ್ಪ ಮೇಲಿನ ತಾರಸಿ ನೋಡಿದ. ಮೋಹಿನಿ ಅವನ ಮುಖ ನೋಡಿದಳು, ಮುಚ್ಚಿದ ಬಾಗಿಲು ನೋಡಿದಳು. ಮಹಾದೇವಿ ಹೋದ ದಿನವೂ ಅವನು ಅದೇ ಮೆಟ್ಟಿಲ ಮೇಲೆ ಹೀಗೆಯೇ ಕೂತಿದ್ದ. ಅವಳು ಸೆರಗನ್ನು ಬಾಯಿಗೊತ್ತಿಕೊಂಡು ಒಳಗೆ ಹೋಗಿ ಫೋನು ಹಿಡಿದಳು.

ಮೊದಲು ಬಂದವನು ಬಿಲ್ಡಿಂಗಿನ ಸೆಕ್ರೆಟರಿ, ವಿಜಯಪುರದ ಸಿದ್ದಲಿಂಗಪ್ಪ. ಚಪ್ಪಲಿಯನ್ನು ಕೆಳಗಿನ ಮಹಡಿಯಲ್ಲೇ ಬಿಟ್ಟಿದ್ದ. ಮುರಿಗೆಪ್ಪನ ಭುಜದ ಮೇಲೆ ಕೈಯಿಟ್ಟ.

“ಧೈರ್ಯ ತಗೋ ತಮ್ಮಾ.”

ಇವನಿಗೆ ಹೇಗೋ ಪರೀಕ್ಷೆ ಗೊತ್ತಾಗಿದೆ ಎಂದುಕೊಂಡ ಮುರಿಗೆಪ್ಪ. “ಧೈರ್ಯ ಐತ್ರಿ. ಮುಗಿಯೂತನಕ ಜೀವ ನಿಲ್ಲವಲ್ದು, ಅಷ್ಟ.”

“ಕೂಡಿಸೀರೇನು?”

“ಮುಂಜಾನೆನ ಕೂಡಿಸೀನ್ರಿ. ಮಹಾದೇವಿ ಫೋಟೋದ ಕೆಳಗ.”

ಅವರ ಸಮಾಜದಲ್ಲಿ ತೀರಿಹೋದವರನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ ಗೋಡೆಗಾನಿಸಿ ಕೂಡಿಸುವುದು ಪದ್ಧತಿ. ಸಿದ್ದಲಿಂಗಪ್ಪನಿಗಿದ್ದ ಸಣ್ಣ ಅನುಮಾನವೂ ಹೋಯಿತು. ಅವನು ಗ್ರಾಂಟ್ ರೋಡಿನ ತಂಗಿಯ ಮನೆಗೆ ಫೋನು ಮಾಡಿ, “ಮುರಿಗೆಪ್ಪನ ಮನ್ಯಾಗ ಆಗಬಾರದ್ದು ಆಗೇತಿ, ಲಗೂನ ಬರ್ರಿ,” ಎಂದಷ್ಟೇ ಹೇಳಿ, ಮಂದಿ ಕೂಡಿಸುವ ಅವಸರದಲ್ಲಿ ಇಟ್ಟುಬಿಟ್ಟ.

ಇತ್ತ ಮುರಿಗೆಪ್ಪ ಮತ್ತೆ ಬಾಗಿಲು ಸರಿಸಿ ಇಣುಕಿ ಬಂದ. ನೋಡಿದವರು, “ಪಾಪ, ತಾಯಿ ಮುಖ ನೋಡಿದಷ್ಟೂ ಸಾಲವಲ್ದು,” ಎಂದು ಕಣ್ಣೊರೆಸಿಕೊಂಡರು.

ಸ್ವಲ್ಪ ಹೊತ್ತಿಗೆ ಮೆಟ್ಟಿಲು ತುಂಬ ಜನ. ಯಾರೂ ಮಾತಾಡುತ್ತಿರಲಿಲ್ಲ. ಮಗಳ ಓದಿಗೆ ಇಡೀ ಬಿಲ್ಡಿಂಗು ಇಷ್ಟು ಶಾಂತಿ ಕೊಟ್ಟಿತಲ್ಲ ಎಂದು ಮುರಿಗೆಪ್ಪನ ಕಣ್ಣು ತೇವವಾಯಿತು. ಅಷ್ಟರಲ್ಲಿ ಸೆಕ್ರೆಟರಿಯ ಭಜನಾ ಮಂಡಳಿ ಡಪ್ಪು, ತಾಳ, ಆಳುದ್ದದ ಚೆಂಡುಹೂವಿನ ಹಾರದೊಂದಿಗೆ ಬಂದು ನಿಂತಿತು.

“ಭಜನಿ ಬ್ಯಾಡ್ರೀ!” ಮುರಿಗೆಪ್ಪ ತಾಳದ ಮೇಲೆ ಬಿದ್ದ. ದೃಷ್ಟಿ, ಆಣೆ ಎರಡೂ ಮರೆತುಹೋದವು. “ಒಳಗ ಪರೀಕ್ಷಾ ನಡದೈತ್ರೀ!”

“ಹೌದಪ್ಪಾ. ಶಿವ ಒಳ್ಳೇವರನ್ನ ಪರೀಕ್ಷಾ ಮಾಡ್ತಾನ,” ಎಂದ ಸಿದ್ದಲಿಂಗಪ್ಪ. “ದುಃಖಕ್ಕ ತಲಿ ತಿರಗೇತಿ. ಹಿಡೀರಿ ಇವನ್ನ.”

ಇಬ್ಬರು ಹಿಡಿದರು. ಮೋಹಿನಿ ಬಾಯಿಗೆ ನಿಂಬೆ ಶರಬತ್ತು ಹುಯ್ದಳು. ಅವನು ಹೇಳಬೇಕೆಂದದ್ದೆಲ್ಲ ಶರಬತ್ತಿನ ಜೊತೆ ಹೊಟ್ಟೆಗಿಳಿಯಿತು. ಡಪ್ಪು ಢಣ್ ಎಂದಿತು. ಕೆಳಗಿನ ರಿಕ್ಷಾ ಸ್ಟ್ಯಾಂಡಿನವರೂ ಕತ್ತೆತ್ತಿ ನೋಡಿದರು.

ಪದ ರಂಗೇರುತ್ತಿದ್ದಾಗ ಕೆಳಗಿನಿಂದ ಅದನ್ನೂ ಮೀರಿಸುವ ಗೋಳು ಕೇಳಿತು. ಭಾನುವಾರ ಲೋಕಲ್ ರೈಲು ಅರ್ಧ ಬಂದ್ ಇದ್ದದ್ದರಿಂದ ಟ್ಯಾಕ್ಸಿ ಹಿಡಿದು ಬಂದ ಬಸಲಿಂಗವ್ವ ಎದೆ ಬಡಿದುಕೊಂಡು ಹತ್ತುತ್ತಿದ್ದಳು. “ಯಾರ ಹ್ವಾದರೋ ಯಪ್ಪಾ, ನನ್ನ ಮನ್ಯಾಗ!”

ತಾಳ ನಿಂತಿತು. ಮೋಹಿನಿಯ ಕೈಯ ಲೋಟ ಮೆಟ್ಟಿಲಿಳಿದು ಹೋಯಿತು.

“ಯಾರಿಗೆ ತಂದೀರಿ ಈ ಹಾರಾ?” ಎಂದು ಅಜ್ಜಿ ಗದರಿದಳು.

ಸಿದ್ದಲಿಂಗಪ್ಪ ಹಾರವನ್ನು ಬೆನ್ನ ಹಿಂದೆ ಬಚ್ಚಿಡಲು ನೋಡಿದ. ಅದು ಎರಡೂ ಕಡೆ ಇಣುಕಿತು. “ನಿಮಗ್ರೀ,” ಎಂದ ಮೆಲ್ಲಗೆ.

ಆಗ ಬಾಗಿಲು ತೆರೆಯಿತು. ಸೋನಾಲಿಯ ಕಣ್ಣು ಕೆಂಪಾಗಿತ್ತು. “ಎಗ್ಜಾಮ್ ಕ್ಯಾನ್ಸಲ್ ಮಾಡಿದ್ರು, ಪಪ್ಪಾ. ಲಾಸ್ಟ್ ಕ್ವೆಶ್ಚನ್ ಒಂದೇ ಬಾಕಿ ಇತ್ತು.”

ಮುರಿಗೆಪ್ಪ ಹಿಡಿದವರಿಂದ ಬಿಡಿಸಿಕೊಂಡ. “ಕೇಳಿದ್ರೇನು? ನಿಮ್ಮ ಡಪ್ಪು ನನ್ನ ಮಗಳ ವರ್ಷ ನುಂಗ್ತು!”

“ಡಪ್ಪು ನಹೀ,” ಎಂದಳು ಸೋನಾಲಿ. “ಬಾಹರ್ ಕಾ ಶೋರ್ ಚಲ್ತಾ ಹೈ, ಹೊರಗಿನ ಗಲಾಟೆ ನಡೀತದೆ. ರೂಮ್ ಒಳಗೆ ಮಾತು ಬೇಡ, ಅಷ್ಟೇ. ಇದು ನೋಡಿ.”

ಲ್ಯಾಪ್‌ಟಾಪನ್ನು ತಿರುಗಿಸಿದಳು. ಕ್ಯಾಮೆರಾ ಹಿಡಿದ ಚಿತ್ರಗಳು ಸಾಲಾಗಿದ್ದವು. ಎಲ್ಲದರಲ್ಲೂ ಮುಂದೆ ಸೋನಾಲಿ, ಅವಳ ಹಿಂದಿನ ಬಾಗಿಲ ಸಂದಿಯಲ್ಲಿ ಒಂದು ಕಣ್ಣು, ಅರ್ಧ ಮೀಸೆ. ಕೋಣೆಯಲ್ಲಿ ಅಪರಿಚಿತ ವ್ಯಕ್ತಿಯೊಬ್ಬ ವಿದ್ಯಾರ್ಥಿನಿಗೆ ಸಹಾಯ ಮಾಡುತ್ತಿರುವ ಶಂಕೆ ಎಂದು ಕೆಳಗೆ ಬಂದಿತ್ತು.

ಸಿದ್ದಲಿಂಗಪ್ಪ ಕನ್ನಡಕ ಏರಿಸಿ ಬಗ್ಗಿ ನೋಡಿದ. “ಇದು ನಮ್ಮ ಮುರಿಗೆಪ್ಪನ ಮೀಸಿ!”

ಬಸಲಿಂಗವ್ವ ಹಾರವನ್ನು ಕಸಿದುಕೊಂಡು ಒಳಗೆ ಹೋಗಿ ಸೊಸೆಯ ಫೋಟೋಕ್ಕೆ ಹಾಕಿದಳು. ಮೊಮ್ಮಗಳ ತಲೆ ಸವರುತ್ತ, “ಬರೂ ವರ್ಷ ನಾ ಮನ್ಯಾಗ ಇರ್ತೀನಿ, ಗಂಟಿ ಬಾರಸಂಗಿಲ್ಲ. ಇವನ್ನ ಗ್ರಾಂಟ್ ರೋಡಿಗೆ ಕಳಸೂಣು,” ಎಂದು ಬಾಗಿಲು ಹಾಕಿಕೊಂಡಳು.

ಜನ ಇಳಿದು ಹೋದರು. ಮುರಿಗೆಪ್ಪ ಮತ್ತೆ ಆ ಮೆಟ್ಟಿಲ ಮೇಲೆ ತಲೆ ಹಿಡಿದು ಕೂತ. ಈ ಸಲ ಅವನ ಮುಖ ಯಾರನ್ನೋ ನಿಜವಾಗಿ ಕಳೆದುಕೊಂಡವನದಾಗಿತ್ತು. ಸಮಾಧಾನ ಹೇಳಲು ಯಾರೂ ಬರಲಿಲ್ಲ. ಎದುರುಮನೆಯಲ್ಲಿ ಮಿಕ್ಸರ್ ಶುರುವಾಯಿತು.